ಹೆಸರು ಕೆಟ್ಟ ಮನೆ ಕೊಳ್ಳುವ ಮುನ್ನ

ಮಾರಾಟಕ್ಕೆ ಬಂದ ಕೆಲವು ಮನೆಗಳ ವಿಷಯದಲ್ಲಿ ಬೆಲೆ ತಿಳಿಯುವುದಕ್ಕೂ ಮೊದಲೇ ಕಥೆ ಕಿವಿಗೆ ಬೀಳುತ್ತದೆ. ‘ಅಲ್ಲಿ ಒಂದು ಕೊಲೆ ಆಗಿತ್ತು’, ‘ಆ ಮನೆಗೆ ಹೋದವರು ಯಾರೂ ಉದ್ಧಾರ ಆಗಿಲ್ಲ’, ‘ಆ ಜಾಗ ಮೊದಲು ಸ್ಮಶಾನ ಆಗಿತ್ತಂತೆ’, ‘ರಾತ್ರಿ ಮಾಳಿಗೆ ಮೇಲೆ ಯಾರೋ ಓಡಾಡಿದ ಸದ್ದು ಕೇಳುತ್ತದಂತೆ’. ಇಂಥ ಮಾತು ಅಂಟಿಕೊಂಡರೆ ಗೋಡೆ, ಛಾವಣಿ, ನೀರು, ಬೆಳಕು ಎಲ್ಲ ಸರಿಯಿದ್ದರೂ ಕೊಳ್ಳುವವರು ಹಿಂಜರಿಯುತ್ತಾರೆ. ಬೆಲೆ ಇಳಿಯುತ್ತದೆ. ಮನೆಗೆ ವರ್ಷಗಟ್ಟಲೆ ಬೀಗ ಬೀಳುತ್ತದೆ. ಬೀಗ ಬಿದ್ದಿದೆ ಎಂಬ ಕಾರಣಕ್ಕೇ ಕಥೆ ಇನ್ನಷ್ಟು ಬೆಳೆಯುತ್ತದೆ.

ಇಂಥ ಮನೆಗಳಲ್ಲಿ ಮೂರು ಬಗೆ. ಕೊಲೆ, ಆತ್ಮಹತ್ಯೆ, ಬೆಂಕಿ ಅನಾಹುತದಂಥ ಘಟನೆ ನಿಜವಾಗಿಯೂ ನಡೆದ ಮನೆ ಮೊದಲನೆಯದು. ಏನೂ ನಡೆಯದೆ ಬರೀ ವದಂತಿಯಿಂದ ಹೆಸರು ಕೆಟ್ಟದ್ದು ಎರಡನೆಯದು. ಕಟ್ಟಡದ ಬಗ್ಗೆ ತಕರಾರಿಲ್ಲದೆ ಅದು ನಿಂತಿರುವ ಜಾಗದ ಬಗ್ಗೆ ಮಾತಿರುವುದು ಮೂರನೆಯದು. ಮೂರಕ್ಕೂ ಬೇಕಾದ ವಿಚಾರಣೆ ಬೇರೆ ಬೇರೆ. ಆದರೆ ಮೂರಕ್ಕೂ ಸಲ್ಲುವ ಮಾತೊಂದಿದೆ: ಭಯದ ಮಾತಿನ ಹಿಂದೆ ಬಹುಮಟ್ಟಿಗೆ ಪರಿಶೀಲಿಸಿ ನೋಡಬಹುದಾದ ಒಂದು ಸಂಗತಿ ಇರುತ್ತದೆ. ಅದು ಆಸ್ತಿ ವ್ಯಾಜ್ಯ ಇರಬಹುದು, ಕಟ್ಟಡದ ದೋಷ ಇರಬಹುದು, ಸರ್ಕಾರಿ ಜಮೀನಿನ ಒತ್ತುವರಿ ಇರಬಹುದು, ಬೆಲೆ ಇಳಿಸಲು ಹಬ್ಬಿಸಿದ ಸುಳ್ಳೂ ಇರಬಹುದು. ಅದನ್ನು ಮುಂಗಡ ಕೊಡುವ ಮೊದಲೇ ಪತ್ತೆ ಮಾಡಬೇಕು.

ಹೆಸರು ಕೆಡುವ ಬಗೆ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ‘ಟೆರಾ ವೆರಾ’ ಎಂಬ ಹಳೆಯ ಬಂಗಲೆ ಇತ್ತು. 1943ರಲ್ಲಿ ಕಟ್ಟಿದ ಈ ಮನೆಯಲ್ಲಿದ್ದ ಇಬ್ಬರು ಸಹೋದರಿಯರಲ್ಲಿ ಒಬ್ಬರು 2002ರಲ್ಲಿ ಕೊಲೆಯಾದರು. ಮತ್ತೊಬ್ಬರು ಮನೆ ಬಿಟ್ಟು ಹೋದರು. ನಗರದ ನಟ್ಟನಡುವೆ ಗಿಡಗಂಟಿ ಬೆಳೆದು, ಹಳೆಯ ಕಾರು ಅಂಗಳದಲ್ಲೇ ತುಕ್ಕು ಹಿಡಿಯುತ್ತ ನಿಂತ ಆ ಮನೆಯ ಬಗ್ಗೆ ದೆವ್ವದ ಕಥೆಗಳು ಹುಟ್ಟಿದವು. ರಾತ್ರಿ ಕ್ಯಾಮೆರಾ ಹಿಡಿದು ಒಳನುಗ್ಗುವವರೂ ಹೆಚ್ಚಿದರು. ಕೊನೆಗೆ ಕಟ್ಟಡವನ್ನು ಕೆಡವಲಾಯಿತು. ಒಂದು ನಿಜವಾದ ದುರಂತ, ಆಮೇಲೆ ಖಾಲಿ ಬಿದ್ದ ಮನೆ, ಅದರ ಮೇಲೆ ಕುತೂಹಲ: ಹೆಸರು ಕೆಡುವುದು ಹೆಚ್ಚಾಗಿ ಈ ಕ್ರಮದಲ್ಲೇ.

ಮನೆ ಖಾಲಿ ಬೀಳಲು ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇದೆ. ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಪಂಚಕ ದೋಷವೆಂದು ಕೆಲವು ತಿಂಗಳು ಮನೆ ಬಿಡುವ ಪದ್ಧತಿ ಅನೇಕ ಕುಟುಂಬಗಳಲ್ಲಿದೆ. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ಮತ್ತೆ ಒಕ್ಕಲಾಗುತ್ತಾರೆ. ಮಕ್ಕಳು ಬೇರೆ ಊರಲ್ಲಿ ನೆಲೆಸಿದ್ದರೆ ಹಾಕಿದ ಬೀಗ ಹಾಗೇ ಉಳಿಯುತ್ತದೆ. ವಯಸ್ಸಾಗಿ ಸಹಜವಾಗಿ ತೀರಿಕೊಂಡ ಅಜ್ಜಿಯ ಮನೆ ನಾಲ್ಕು ವರ್ಷದಲ್ಲಿ ಬೀದಿಯವರ ಬಾಯಲ್ಲಿ ‘ಸಾವಿನ ಮನೆ’ ಆಗಿಬಿಡುತ್ತದೆ.

ಭಯ ಹಬ್ಬಲು ಘಟನೆಯೇ ಬೇಕಿಲ್ಲ ಎಂಬುದಕ್ಕೂ ನಿದರ್ಶನವಿದೆ. 1990ರ ದಶಕದಲ್ಲಿ ರಾತ್ರಿ ಬಂದು ಪರಿಚಿತರ ಧ್ವನಿಯಲ್ಲಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ಮನೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಒಂದು ಊರನ್ನೇ ಆವರಿಸಬಲ್ಲ ಇಂಥ ಮಾತಿಗೆ ಒಂಟಿ ಮನೆಯ ಹೆಸರು ಕೆಡಿಸುವುದು ಕಷ್ಟವಲ್ಲ. ದಾಯಾದಿಗಳ ಜಗಳದಲ್ಲಿ ಮನೆ ಮಾರಾಟವಾಗದಂತೆ ತಡೆಯಲು, ಅಥವಾ ತಾವೇ ಅಗ್ಗಕ್ಕೆ ಕೊಳ್ಳಲು ಬೇಕೆಂದೇ ಕಥೆ ಹಬ್ಬಿಸುವವರೂ ಇರುತ್ತಾರೆ. ಆದ್ದರಿಂದ ಕಥೆ ಏನೆಂದು ಕೇಳಿದರೆ ಸಾಲದು, ಅದನ್ನು ಹೇಳುತ್ತಿರುವವರು ಯಾರು, ಅವರಿಗೆ ಅದರಿಂದ ಏನು ಲಾಭ ಎಂಬುದನ್ನೂ ನೋಡಬೇಕು.

ಸಿನಿಮಾ ಮತ್ತು ಪುಸ್ತಕದ ಪಾಲೂ ದೊಡ್ಡದು. ಹಳೆಯ ಬಂಗಲೆಯನ್ನು ಯಾರ ಮಾತೂ ಕೇಳದೆ ಕೊಂಡ ದಂಪತಿಯ ಕಥೆಯಾದ ‘ಆಪ್ತಮಿತ್ರ’ (2004) ಕನ್ನಡಿಗರ ನೆನಪಿನಲ್ಲಿ ಅಚ್ಚೊತ್ತಿದೆ. ಅಮೆರಿಕದ ಅಮಿಟಿವಿಲ್ ಎಂಬ ಊರಿನ ಮನೆಯದು ಇನ್ನೂ ಪ್ರಸಿದ್ಧ ಪ್ರಸಂಗ. 1974ರ ನವೆಂಬರಿನಲ್ಲಿ ಅಲ್ಲಿ ಒಂದೇ ಕುಟುಂಬದ ಆರು ಜನರ ಕೊಲೆಯಾಯಿತು. ಮರುವರ್ಷ 80,000 ಡಾಲರಿಗೆ ಅದನ್ನು ಕೊಂಡ ಕುಟುಂಬ, ದೆವ್ವದ ಕಾಟವೆಂದು 28 ದಿನಕ್ಕೇ ಬಿಟ್ಟು ಹೋಯಿತು. 1977ರಲ್ಲಿ ಪುಸ್ತಕ, 1979ರಲ್ಲಿ ಸಿನಿಮಾ ಬಂದವು. ಆ ಕಥೆಯ ಬಹುಭಾಗ ಕಟ್ಟಿದ್ದೆಂದು ಕೊಲೆಗಾರನ ಪರ ವಾದಿಸಿದ್ದ ವಕೀಲರೇ ಮುಂದೆ ಹೇಳಿದರು. ಆನಂತರ ಅಲ್ಲಿ ವಾಸ ಮಾಡಿದವರಿಗೆ ಕಾಟ ಕೊಟ್ಟದ್ದು ಮನೆ ನೋಡಲು ಸಾಲುಗಟ್ಟಿ ಬರುತ್ತಿದ್ದ ಜನ. ಅವರನ್ನು ತಪ್ಪಿಸಲು ಮನೆಯ ಸಂಖ್ಯೆಯನ್ನೇ ಬದಲಿಸಬೇಕಾಯಿತು.

ಬೆಲೆ ಎಷ್ಟು ಇಳಿಯುತ್ತದೆ

ಹೆಸರು ಕೆಟ್ಟರೆ ಬೆಲೆ ಇಳಿಯುವುದು ನಿಜ. ಎಷ್ಟು ಎಂಬುದು ಊರಿನ ನಂಬಿಕೆಯನ್ನು ಅವಲಂಬಿಸಿದೆ. ಹಾಂಕಾಂಗಿನಲ್ಲಿ ಅಸಹಜ ಸಾವು ನಡೆದ ಫ್ಲ್ಯಾಟ್‌ಗಳ ಮಾರಾಟವನ್ನು ಅರ್ಥಶಾಸ್ತ್ರಜ್ಞರ ತಂಡವೊಂದು ಅಧ್ಯಯನ ಮಾಡಿದೆ. ಘಟನೆ ನಡೆದ ಫ್ಲ್ಯಾಟಿನ ಬೆಲೆ ಸುಮಾರು ಶೇ 20ರಷ್ಟು, ಅದೇ ಅಂತಸ್ತಿನ ಉಳಿದ ಫ್ಲ್ಯಾಟ್‌ಗಳದು ಶೇ 10ರಷ್ಟು, ಅದೇ ಕಟ್ಟಡದ ಉಳಿದವುಗಳದು ಶೇ 7ರಷ್ಟು, ಇಡೀ ಬಡಾವಣೆಯದು ಶೇ 1ರಷ್ಟು ಇಳಿಯುವುದು ಅದರಲ್ಲಿ ಕಂಡುಬಂತು. ಅಂದರೆ ಒಂದು ಮನೆಯ ಕಥೆಗೆ ಅಕ್ಕಪಕ್ಕದವರೂ ಬೆಲೆ ತೆರುತ್ತಾರೆ. ಅಮೆರಿಕದ ಓಹಿಯೊ ರಾಜ್ಯದ ಮನೆಗಳ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಲೆ ಇಳಿದದ್ದು ಶೇ 3ರಷ್ಟು ಮಾತ್ರ. ಮಾರಾಟವಾಗಲು ಹಿಡಿದ ಕಾಲ ಮಾತ್ರ ಶೇ 45ರಷ್ಟು ಹೆಚ್ಚಾಗಿತ್ತು.

ಈ ಲೆಕ್ಕ ಕೊಳ್ಳುವವರಿಗೆ ಎರಡು ಪಾಠ ಹೇಳುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡ ಮನೆ ಮುಂದೆ ಮಾರುವಾಗಲೂ ಅದೇ ಕಥೆಯನ್ನು ಎದುರಿಸಬೇಕಾಗಬಹುದು. ಆದ್ದರಿಂದ ನಾಲ್ಕೈದು ವರ್ಷದಲ್ಲಿ ಮಾರುವ ಯೋಚನೆ ಇದ್ದವರಿಗೆ ಅದು ಲಾಭವಲ್ಲ. ಬಹುಕಾಲ ವಾಸಕ್ಕೆಂದು ಕೊಳ್ಳುವವರಿಗೆ, ಕಾಗದ ಮತ್ತು ಕಟ್ಟಡ ಎರಡೂ ಶುದ್ಧವಾಗಿದ್ದರೆ, ಅದು ನಿಜವಾದ ಉಳಿತಾಯ. ಮನೆಯೊಳಗೆ ದೀಪ ಹತ್ತಿ, ಅಂಗಳದಲ್ಲಿ ರಂಗೋಲಿ ಬಿದ್ದು, ಮಕ್ಕಳ ಸದ್ದು ಕೇಳಿಸಿದರೆ ಕಥೆಯ ಬಲ ತಾನಾಗಿ ಕುಗ್ಗುತ್ತದೆ. 2018ರ ಜುಲೈ 1ರಂದು ದೆಹಲಿಯ ಬುರಾಡಿಯಲ್ಲಿ ಒಂದೇ ಕುಟುಂಬದ 11 ಜನ ಸತ್ತ ಮನೆ ದೇಶಕ್ಕೆಲ್ಲ ಗೊತ್ತಾಯಿತು. ಮರುವರ್ಷವೇ ವೈದ್ಯಕೀಯ ಪರೀಕ್ಷಾ ಕೇಂದ್ರ ನಡೆಸುವವರೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಕೆಲಸ ಆರಂಭಿಸಿದರು.

ಹೊರದೇಶಗಳ ಕಾನೂನು

ಮನೆಯ ಕೆಟ್ಟ ಇತಿಹಾಸವನ್ನು ಮಾರುವವರು ತಾವಾಗಿ ಹೇಳಬೇಕೇ ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. ಇವುಗಳಲ್ಲಿ ಹೆಸರಾಂತದ್ದು 1991ರ ಸ್ಟ್ಯಾಂಬೋವ್‌ಸ್ಕಿ ವಿರುದ್ಧ ಆಕ್ಲಿ ಮೊಕದ್ದಮೆ. ನ್ಯೂಯಾರ್ಕ್ ರಾಜ್ಯದ ನಯಾಕ್ ಎಂಬ ಊರಿನ ಮನೆಯಲ್ಲಿ ದೆವ್ವಗಳಿವೆ ಎಂದು ಅದರ ಒಡತಿ ‘ರೀಡರ್ಸ್ ಡೈಜೆಸ್ಟ್’ ಪತ್ರಿಕೆಯಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಹೇಳಿಕೊಂಡಿದ್ದರು. ಬೇರೆ ಊರಿನಿಂದ ಬಂದ ಖರೀದಿದಾರನಿಗೆ ಮಾತ್ರ ಆ ವಿಷಯ ತಿಳಿಸಲಿಲ್ಲ. 6,50,000 ಡಾಲರ್ ಬೆಲೆಗೆ ಒಪ್ಪಿ 32,500 ಡಾಲರ್ ಮುಂಗಡ ಕೊಟ್ಟ ಮೇಲೆ ಅವನಿಗೆ ಗೊತ್ತಾಯಿತು. ಊರಿಗೆಲ್ಲ ಸಾರಿದವರು ಈಗ ಇಲ್ಲ ಎನ್ನುವಂತಿಲ್ಲ, ಆದ್ದರಿಂದ ಕಾನೂನಿನ ಮಟ್ಟಿಗೆ ಆ ಮನೆಯಲ್ಲಿ ದೆವ್ವ ಇದೆ ಎಂದೇ ಭಾವಿಸಬೇಕು ಎಂದು ಮೇಲ್ಮನವಿ ನ್ಯಾಯಾಲಯ 3–2ರ ಬಹುಮತದಿಂದ ಹೇಳಿ, ಖರೀದಿದಾರ ಕರಾರಿನಿಂದ ಹೊರಬರಲು ದಾರಿ ಮಾಡಿಕೊಟ್ಟಿತು. ದೆವ್ವ ಇದೆಯೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ. ಎಷ್ಟೇ ಎಚ್ಚರದಿಂದ ಮನೆ ಪರೀಕ್ಷಿಸಿದರೂ ಪತ್ತೆಯಾಗದ, ಬೆಲೆಯನ್ನು ಇಳಿಸುವ ಸಂಗತಿಯನ್ನು ಮಾರುವವರೇ ಹುಟ್ಟುಹಾಕಿ ಮುಚ್ಚಿಟ್ಟದ್ದು ಅನ್ಯಾಯ ಎಂಬುದು ತೀರ್ಪಿನ ತಿರುಳು. ಮುಂದೆ ಅದೇ ರಾಜ್ಯ ಕಾಯ್ದೆ ತಂದು, ಮನೆಯಲ್ಲಾದ ಸಾವು ಅಥವಾ ಅಪರಾಧವನ್ನು ತಾವಾಗಿ ತಿಳಿಸುವ ಹೊಣೆಯಿಂದ ಮಾರುವವರನ್ನು ಮುಕ್ತಗೊಳಿಸಿತು. ಲಿಖಿತವಾಗಿ ಕೇಳುವ ಅವಕಾಶವನ್ನು ಮಾತ್ರ ಕೊಳ್ಳುವವರಿಗೆ ಉಳಿಸಿತು.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಒಬ್ಬ ಮಹಿಳೆ ಮತ್ತು ನಾಲ್ವರು ಮಕ್ಕಳ ಕೊಲೆ ನಡೆದಿದ್ದ ಮನೆಯನ್ನು ವಿಷಯ ಮುಚ್ಚಿ ಮಾರಿದ ಪ್ರಕರಣದಲ್ಲಿ, ಕೊಂಡವರು ದಾವೆ ಹೂಡಬಹುದೆಂದು 1983ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಈಗ ಅಲ್ಲಿ ಹಿಂದಿನ 3 ವರ್ಷದೊಳಗೆ ನಡೆದ ಸಾವನ್ನು ತಿಳಿಸುವ ರೂಢಿ ಕಾಯ್ದೆಯ ಬಲದಿಂದ ನೆಲೆಗೊಂಡಿದೆ. ಅದಕ್ಕಿಂತ ಹಳೆಯದನ್ನು ಹೇಳದೆ ಇರಬಹುದು, ನೇರವಾಗಿ ಕೇಳಿದಾಗ ಸುಳ್ಳು ಹೇಳುವಂತಿಲ್ಲ. ಇಂಗ್ಲೆಂಡಿನಲ್ಲಿ 2004ರ ತೀರ್ಪು ಮಾರುವವರ ಪರವಾಗಿತ್ತು. ಕೊಳ್ಳುವವರು ತಿಳಿಯಲೇಬೇಕಾದ್ದು ಬೇರೇನಾದರೂ ಇದೆ ಎಂದು ನಿಮಗೆ ಅನಿಸುತ್ತದೆಯೇ ಎಂಬ ಪ್ರಶ್ನೆಗೆ, ಹಳೆಯ ಕೊಲೆಯ ವಿಷಯ ತಿಳಿದಿದ್ದ ಮಾಲೀಕರು ಇಲ್ಲ ಎಂದು ಬರೆದಿದ್ದರು. ಪ್ರಶ್ನೆ ಅವರ ಅನಿಸಿಕೆಯನ್ನಷ್ಟೇ ಕೇಳಿದ್ದರಿಂದ, ಪ್ರಾಮಾಣಿಕವಾಗಿ ಕೊಟ್ಟ ಆ ಉತ್ತರ ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು.

ಎಲ್ಲಕ್ಕಿಂತ ಸ್ಪಷ್ಟವಾದ ನಿಯಮ ಜಪಾನಿನದು. ಇಂಥ ಮನೆಗಳನ್ನು ಅಲ್ಲಿ ‘ಜಿಕೊ ಬುಕ್ಕೆನ್’ ಎನ್ನುತ್ತಾರೆ. 2021ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ವಯೋಸಹಜ ಸಾವು, ಕಾಯಿಲೆಯಿಂದಾದ ಸಾವು, ಮೆಟ್ಟಿಲಿಂದ ಬಿದ್ದಂಥ ದೈನಂದಿನ ಅವಘಡ ಇವನ್ನು ತಿಳಿಸಬೇಕಾಗಿಲ್ಲ. ಕೊಲೆ, ಆತ್ಮಹತ್ಯೆ, ಬಹಳ ದಿನ ಯಾರಿಗೂ ಗೊತ್ತಾಗದೆ ಉಳಿದು ವಿಶೇಷ ಶುಚಿಗೆಲಸ ಬೇಕಾದ ಸಾವು ಇವನ್ನು ಬಾಡಿಗೆದಾರರಿಗೆ ಸುಮಾರು 3 ವರ್ಷ ಕಾಲ ತಿಳಿಸಬೇಕು. ಮಾರಾಟಕ್ಕೆ ಅಂಥ ಕಾಲಮಿತಿ ಇಲ್ಲ. ಸಹಜ ಸಾವನ್ನು ಕಳಂಕದಿಂದ ಬಿಡಿಸಿ ಬೇರೆ ಇಟ್ಟದ್ದು ಈ ನಿಯಮದ ಹಿರಿಮೆ. ಒಂಟಿಯಾಗಿ ಬದುಕುವ ವೃದ್ಧರಿಗೆ, ಮನೆಯಲ್ಲೇ ಸತ್ತಾರೆಂಬ ಅಂಜಿಕೆಯಿಂದ, ಬಾಡಿಗೆಗೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಿದ್ದ ಸಮಾಜಕ್ಕೆ ಅದು ಅಗತ್ಯವಾಗಿತ್ತು.

ನಮ್ಮ ಕಾನೂನು ಏನು ಹೇಳುತ್ತದೆ

ಮನೆಯಲ್ಲಿ ನಡೆದ ಸಾವನ್ನು ತಿಳಿಸಲೇಬೇಕೆಂದು ಹೆಸರಿಸಿ ಹೇಳುವ ಕಾಯ್ದೆ ಭಾರತದಲ್ಲಿ ಇಲ್ಲ. ಆದರೆ ಸ್ವತ್ತು ವರ್ಗಾವಣೆ ಕಾಯ್ದೆ, 1882ರ 55ನೇ ಕಲಂ ಮಾರುವವರ ಮೇಲೆ ಒಂದು ಹೊಣೆ ಹೊರಿಸುತ್ತದೆ. ಸ್ವತ್ತಿನಲ್ಲಿ ಅಥವಾ ಹಕ್ಕಿನಲ್ಲಿ ಇರುವ ಮಹತ್ವದ ದೋಷ ತಮಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಸಾಮಾನ್ಯ ಎಚ್ಚರದಿಂದ ಅದು ಪತ್ತೆಯಾಗುವಂತಿಲ್ಲದಿದ್ದರೆ, ಅದನ್ನು ಅವರು ತಿಳಿಸಬೇಕು. ತಿಳಿಸದಿರುವುದನ್ನು ಅದೇ ಕಲಂ ವಂಚನೆ ಎಂದು ಕರೆಯುತ್ತದೆ. ಮನೆಯ ಕೆಟ್ಟ ಹೆಸರು ‘ಮಹತ್ವದ ದೋಷ’ ಆಗುತ್ತದೆಯೇ ಎಂಬುದು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಲ್ಲುವ ವಾದ. ಹಾಗಾಗಿ ಅದೊಂದನ್ನೇ ನಂಬಿ ಮುಂದುವರಿಯುವುದು ಜಾಣತನವಲ್ಲ.

ಇಲ್ಲಿ ಭಾರತೀಯ ಕರಾರು ಕಾಯ್ದೆ, 1872ರ 17ನೇ ಕಲಮಿನಲ್ಲಿರುವ ಒಂದು ಉದಾಹರಣೆ ದಾರಿ ತೋರಿಸುತ್ತದೆ. ರೋಗದ ಕುದುರೆಯನ್ನು ಸುಮ್ಮನೆ ಹರಾಜಿಗಿಟ್ಟವನ ಮೌನ ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀವು ಅಲ್ಲ ಎನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದುಕೊಳ್ಳುತ್ತೇನೆ’ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಮನೆಯ ವಿಷಯದಲ್ಲೂ ಹಾಗೆಯೇ. ಕೇಳದೆ ಕೊಂಡವರ ಕೈಯಲ್ಲಿ ಹೆಚ್ಚಿನ ಅಸ್ತ್ರವಿಲ್ಲ. ಸ್ಪಷ್ಟವಾಗಿ, ಬರವಣಿಗೆಯಲ್ಲಿ ಕೇಳಿದವರಿಗೆ ಸುಳ್ಳು ಉತ್ತರ ಸಿಕ್ಕಿದ್ದರೆ ಕರಾರು ರದ್ದುಪಡಿಸಲು, ಪರಿಹಾರ ಕೇಳಲು ಗಟ್ಟಿ ಆಧಾರ ಸಿಗುತ್ತದೆ.

ಬಿಲ್ಡರುಗಳಿಂದ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ರಕ್ಷಣೆ ಇದೆ. ಸ್ವಾಧೀನ ಪಡೆದ 5 ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು ಬಿಲ್ಡರ್ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಜಮೀನಿನ ಹಕ್ಕಿನಲ್ಲಿ ದೋಷವಿದ್ದು ನಷ್ಟವಾದರೆ ಪರಿಹಾರ ಕೇಳಲು ಕಾಲಮಿತಿಯೇ ಇಲ್ಲ. ಒಬ್ಬ ಮಾಲೀಕರಿಂದ ಇನ್ನೊಬ್ಬರು ಕೊಳ್ಳುವ ಹಳೆಯ ಮನೆಗೆ ಇದು ಅನ್ವಯಿಸುವುದಿಲ್ಲ. ಹೆಸರು ಕೆಟ್ಟ ಮನೆಗಳು ಹೆಚ್ಚಾಗಿ ಈ ಹಳೆಯ ಮನೆಗಳೇ.

ಕಥೆಯ ಹಿಂದಿನ ಕಾಗದ

ಕೊಲೆ ನಡೆದ ಮನೆಯ ಬಗ್ಗೆ ಜನ ಹೆದರುವುದು ಸತ್ತವರಿಗೆ. ಕೊಳ್ಳುವವರು ನಿಜವಾಗಿ ಯೋಚಿಸಬೇಕಾದದ್ದು ಬದುಕಿರುವ ವಾರಸುದಾರರ ಬಗ್ಗೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 25ನೇ ಕಲಮಿನ ಪ್ರಕಾರ ಕೊಲೆ ಮಾಡಿದವರು ಅಥವಾ ಅದಕ್ಕೆ ಕುಮ್ಮಕ್ಕು ಕೊಟ್ಟವರು ಕೊಲೆಯಾದವರ ಆಸ್ತಿಗೆ ವಾರಸುದಾರರಾಗುವಂತಿಲ್ಲ. ಆಸ್ತಿಗಾಗಿ ಅಣ್ಣನನ್ನು ಕೊಂದ ಆರೋಪ ಹೊತ್ತ ತಮ್ಮ ಆ ಮನೆಯನ್ನು ಮಾರಲು ಬಂದರೆ ಅವನಿಗೆ ಹಕ್ಕಿದೆಯೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ತೀರ್ಮಾನವಾಗುವವರೆಗೂ ತೂಗಾಡುತ್ತಿರುತ್ತದೆ. ಗಂಡನ ಮನೆಯಲ್ಲಿ ಸೊಸೆ ಅನುಮಾನಾಸ್ಪದವಾಗಿ ಸತ್ತಿದ್ದರೆ, ಮನೆ ಆಕೆಯ ಹೆಸರಿನಲ್ಲಿತ್ತೇ, ಆಕೆಗೆ ಮಕ್ಕಳಿದ್ದಾರೆಯೇ, ತವರಿನವರು ದಾವೆ ಹೂಡಿದ್ದಾರೆಯೇ ಎಂಬುದನ್ನು ನೋಡಬೇಕು.

‘ಯಜಮಾನ ಮನೆ ಬಿಟ್ಟು ಹೋದವನು ಬರಲೇ ಇಲ್ಲ’ ಎಂಬ ಕಥೆಯ ಹಿಂದೆಯೂ ಕಾನೂನಿನ ತೊಡಕಿದೆ. ಕಾಣೆಯಾದವರ ಬಗ್ಗೆ ಬಂಧುಗಳಿಗೆ 7 ವರ್ಷ ಸುದ್ದಿಯೇ ಇಲ್ಲದಿದ್ದರೆ ಅವರು ಬದುಕಿಲ್ಲವೆಂದು ಕಾನೂನು ಭಾವಿಸಬಹುದು. ಆದರೂ ನ್ಯಾಯಾಲಯದ ಘೋಷಣೆ ಇಲ್ಲದೆ ಮಕ್ಕಳು ಮಾಡುವ ಮಾರಾಟ ಗಟ್ಟಿಯಲ್ಲ. ‘ಅಣ್ಣತಮ್ಮಂದಿರು ಕಚ್ಚಾಡಿ ಹಾಳಾದರು’ ಎಂಬ ಮನೆಯಲ್ಲಿ ಪಾಲುಪತ್ರ ಆಗಿದೆಯೇ, ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ ಎಂದು ನೋಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದಾವೆ ನಡೆಯುತ್ತಿರುವಾಗ ಕೊಂಡರೆ, ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮಿನಂತೆ ಆ ದಾವೆಯ ತೀರ್ಪು ಕೊಂಡವರನ್ನೂ ಕಟ್ಟಿಹಾಕುತ್ತದೆ.

‘ಸ್ಮಶಾನದ ಜಾಗ’, ‘ಕೆರೆ ಮುಚ್ಚಿ ಕಟ್ಟಿದ್ದು’ ಎಂಬ ಮಾತನ್ನಂತೂ ಮೂಢನಂಬಿಕೆ ಎಂದು ತಳ್ಳಿಹಾಕಲೇಬಾರದು. ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಸ್ಮಶಾನ, ಕೆರೆ, ಹಳ್ಳ, ದಾರಿ ಮೊದಲಾದ ಸಾರ್ವಜನಿಕ ಉಪಯೋಗದ ಜಮೀನು ‘ಬಿ ಖರಾಬು’ ಎಂದು ದಾಖಲಾಗಿರುತ್ತದೆ. ಅದು ಖಾಸಗಿಯವರಿಗೆ ಮಾರಲು ಬರುವ ಸ್ವತ್ತಲ್ಲ. ಅಂಥ ಜಾಗದ ಮೇಲಿನ ಮನೆಗೆ ತೆರವು ನೋಟಿಸ್ ಬರಬಹುದು, ಮಳೆಗಾಲದಲ್ಲಿ ನೀರೂ ನುಗ್ಗಬಹುದು. ಗ್ರಾಮನಕ್ಷೆ, ಹಳೆಯ ಪಹಣಿ, ಸರ್ವೆ ದಾಖಲೆ, ಭೂಪರಿವರ್ತನೆ ಆದೇಶ ಇವನ್ನು ತರಿಸಿ ನೋಡಿದರೆ ಹಳಬರ ಬಾಯಿಮಾತು ನಿಜವೋ ಸುಳ್ಳೋ ತಿಳಿಯುತ್ತದೆ.

ಕರಾವಳಿಯಲ್ಲಿ ನಾಗಬನ, ದೈವದ ಕಲ್ಲು ಇರುವ ಜಾಗಕ್ಕೆ ಬೇರೆಯೇ ಬಗೆಯ ಮಾತಿರುತ್ತದೆ. ಮೂಲ ಕುಟುಂಬದವರು ವರ್ಷಕ್ಕೊಮ್ಮೆ ಬಂದು ತನು, ತಂಬಿಲ ನಡೆಸುವ ರೂಢಿ ಅಲ್ಲಿ ಉಳಿದಿರುತ್ತದೆ. ಅವರು ಬರುವ ದಾರಿ ಯಾವುದು, ಬನದ ಗಡಿ ಎಲ್ಲಿ, ಖರ್ಚು ಯಾರದು ಎಂಬುದನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಂಡರೆ ಮುಂದೆ ಮನಸ್ತಾಪವಾಗದು.

ಮನೆಯ ಸದ್ದು, ಮನೆಯ ಗಾಳಿ

ಮನೆಯೊಳಗೆ ಏನೋ ಇದೆ ಎಂಬ ಅನುಭವ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ಆ ಅನುಭವಕ್ಕೆ ಕಾರಣ ಹುಡುಕಬೇಕು. ಅಮೆರಿಕದ ನೇತ್ರವೈದ್ಯ ಡಬ್ಲ್ಯು. ಎಚ್. ವಿಲ್ಮರ್ 1921ರಲ್ಲಿ ಒಂದು ಕುಟುಂಬದ ಪ್ರಸಂಗವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಮನೆಗೆ ಬಂದ ಮೇಲೆ ಆ ಕುಟುಂಬದವರಿಗೆ ತಲೆನೋವು, ಆಯಾಸ ಶುರುವಾಯಿತು. ಹೆಜ್ಜೆ ಸದ್ದು ಕೇಳಿಸಿತು, ಆಕೃತಿಗಳು ಕಂಡವು. ಪರೀಕ್ಷಿಸಿದಾಗ ಮನೆ ಬಿಸಿ ಮಾಡುವ ಕುಲುಮೆ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಅನಿಲ ಕೋಣೆಗಳಿಗೆ ತುಂಬುತ್ತಿದ್ದುದು ಗೊತ್ತಾಯಿತು. ಕುಲುಮೆ ಸರಿಯಾದ ಮೇಲೆ ಕಾಟವೂ ನಿಂತಿತು.

ಕನ್ನಡನಾಡಿನ ಮನೆಗಳಲ್ಲಿ ಅಂಥ ಕುಲುಮೆ ಇಲ್ಲ, ಗ್ಯಾಸ್ ಗೀಸರ್ ಇದೆ. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದಾಗ ಇದೇ ಅನಿಲ ಹೊಮ್ಮುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಒಂದೇ ಬಚ್ಚಲಲ್ಲಿ ಇಬ್ಬರು ಸತ್ತ ಮನೆಗೆ ಹೋಮಕ್ಕಿಂತ ಮೊದಲು ಬೇಕಾದದ್ದು ಕಿಟಕಿ, ಮತ್ತು ಬಚ್ಚಲ ಹೊರಗೆ ಜೋಡಿಸಿದ ಗೀಸರ್. ಹಾಗೆಯೇ ಮಹಡಿಯಿಂದ ಬಿದ್ದು ಸಾವಾಗಿದ್ದರೆ ಮೋಟುಗೋಡೆಯ ಎತ್ತರ ನೋಡಬೇಕು. ವಿದ್ಯುತ್ ತಗುಲಿ ಆಗಿದ್ದರೆ ಅರ್ಥಿಂಗ್ ಮತ್ತು ವೈರಿಂಗ್, ಬಾವಿ ಅಥವಾ ಸಂಪಿಗೆ ಬಿದ್ದು ಆಗಿದ್ದರೆ ಅದರ ಮುಚ್ಚಳ ನೋಡಬೇಕು. ಹಿಂದಿನ ಸಾವಿನ ಕಾರಣ ಕೇಳುವುದು ಅಪಶಕುನವಲ್ಲ, ಮುಂದಿನ ಸಾವನ್ನು ತಪ್ಪಿಸುವ ದಾರಿ.

ಸದ್ದುಗಳಿಗೂ ಕಾರಣಗಳಿವೆ. ಹಗಲು ಕಾದ ಮರದ ತೊಲೆ, ತಗಡಿನ ಶೀಟು ರಾತ್ರಿ ತಣಿಯುವಾಗ ಚಟಪಟ ಎನ್ನುತ್ತವೆ. ನಲ್ಲಿ ಥಟ್ಟನೆ ನಿಲ್ಲಿಸಿದಾಗ ಪೈಪು ಗುದ್ದಿದಂತೆ ಸದ್ದು ಮಾಡುತ್ತದೆ. ಮಂಗಳೂರು ಹೆಂಚಿನ ಮನೆಯ ಅಟ್ಟದಲ್ಲಿ ಪುನುಗಿನ ಬೆಕ್ಕು, ಹೆಗ್ಗಣ, ಗೂಬೆ ಮನೆ ಮಾಡಿಕೊಂಡಿರುತ್ತವೆ. ಅವುಗಳ ಓಡಾಟ ಮನುಷ್ಯರ ಹೆಜ್ಜೆಯಂತೆಯೇ ಕೇಳುತ್ತದೆ. ಕಿವಿಗೆ ಕೇಳಿಸದ ಕಂಪನವೂ ಮನಸ್ಸನ್ನು ಕಲಕಬಲ್ಲದು. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ತಾವು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಬೂದು ಆಕೃತಿ ಕಂಡು ಬೆವರಿದರು. ಅದಕ್ಕೆ ಕಾರಣ ಒಂದು ಫ್ಯಾನಿನಿಂದ ಹೊಮ್ಮುತ್ತಿದ್ದ ಸುಮಾರು 19 ಹರ್ಟ್ಸ್ ಕಂಪನ ಇರಬೇಕೆಂದು 1998ರಲ್ಲಿ ಅವರು ಬರೆದರು. ನಡುರಾತ್ರಿ ಎಚ್ಚರವಾಗಿ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕುಳಿತಂತಾಗುವುದು ನಿದ್ರೆಯ ಒಂದು ತೊಂದರೆ. ವೈದ್ಯರು ಇದನ್ನು ಚೆನ್ನಾಗಿ ಬಲ್ಲರು, ಯಾವ ಮನೆಯಲ್ಲಾದರೂ ಅದು ಆಗಬಹುದು.

ವಿಚಾರಿಸುವ ಕ್ರಮ

ಮೊದಲು ಮನೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು: ಹಗಲು, ಸಂಜೆ, ಮಳೆ ಬಂದ ಮರುದಿನ. ದಲ್ಲಾಳಿ ಜೊತೆಯಲ್ಲಿಲ್ಲದಾಗ ಅಕ್ಕಪಕ್ಕದವರು, ಬೀದಿಯ ಕೊನೆಯ ಅಂಗಡಿಯವರು, ಇಸ್ತ್ರಿ ಮಾಡುವವರು, ಅಪಾರ್ಟ್‌ಮೆಂಟ್ ಆದರೆ ಕಾವಲುಗಾರರು ಮತ್ತು ನಿವಾಸಿಗಳ ಸಂಘದವರನ್ನು ಮಾತಾಡಿಸಬೇಕು. ಹಿಂದಿನ ಬಾಡಿಗೆದಾರರು ಸಿಕ್ಕರೆ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಬ್ಬರ ಮಾತನ್ನೇ ನಂಬದೆ, ಪರಸ್ಪರ ಸಂಬಂಧವಿಲ್ಲದ ಇಬ್ಬರು ಮೂವರು ಹೇಳಿದ್ದು ಹೊಂದುತ್ತದೆಯೇ ಎಂದು ನೋಡಬೇಕು. ಕಂಡದ್ದನ್ನು ಹೇಳುವವರನ್ನೂ ಕೇಳಿದ್ದನ್ನು ಹೇಳುವವರನ್ನೂ ಬೇರೆ ಬೇರೆ ಇಟ್ಟು ತೂಗಬೇಕು.

ಆಮೇಲೆ ದಾಖಲೆ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಜನ ಇಸಿ ಎನ್ನುವ ಪತ್ರ ಸಿಗುತ್ತದೆ. ಕನಿಷ್ಠ 30 ವರ್ಷದ್ದನ್ನು ತೆಗೆಸುವುದು ವಕೀಲರ ರೂಢಿ. ಮನೆ ಕೆಲವೇ ವರ್ಷಗಳಲ್ಲಿ ಹಲವು ಕೈ ಬದಲಾಗಿದ್ದರೆ ಕಾರಣ ಕೇಳಲೇಬೇಕು. ಆದರೆ ಇಸಿಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲು, ನ್ಯಾಯಾಲಯದ ದಾವೆ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಮೂಲಪತ್ರ, ಖಾತೆ, ವಂಶವೃಕ್ಷ, ಮರಣ ಪ್ರಮಾಣಪತ್ರ ಇವನ್ನು ಒಂದರ ಪಕ್ಕ ಒಂದು ಇಟ್ಟು ಓದಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾಲೀಕರ ಮತ್ತು ಅವರ ಕುಟುಂಬದವರ ಹೆಸರು ಹಾಕಿ ದಾವೆಗಳನ್ನು ಹುಡುಕಬಹುದು. ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅಪರಾಧದ ಸುಳಿವಿಲ್ಲದ ಅಸಹಜ ಸಾವಿಗೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ದಾಖಲಾಗಿರುತ್ತದೆ. ಮಾಲೀಕರು ಪ್ರಾಮಾಣಿಕರಾದರೆ ತನಿಖೆ ಮುಗಿದ ವರದಿಯ ಪ್ರತಿಯನ್ನು ಅವರೇ ತೋರಿಸಬಲ್ಲರು. ಕೊನೆಯದಾಗಿ ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟರೆ, ಹಕ್ಕು ಇದೆ ಎನ್ನುವವರು ಎದುರಿಗೆ ಬರುತ್ತಾರೆ. ಬ್ಯಾಂಕ್ ಸಾಲ ಕೊಟ್ಟಿತೆಂದರೆ ಎಲ್ಲ ಸರಿ ಎಂದುಕೊಳ್ಳಬಾರದು. ಬ್ಯಾಂಕಿನ ವಕೀಲರು ಹಕ್ಕನ್ನು ನೋಡುತ್ತಾರೆ, ಮನೆಯ ಕಥೆಯನ್ನು ಅಲ್ಲ.

ಇಷ್ಟಾದ ಮೇಲೆ ಕ್ರಯದ ಕರಾರಿನಲ್ಲಿ ಒಂದು ಕಲಂ ಸೇರಿಸಬೇಕು: ‘ಈ ಸ್ವತ್ತಿನಲ್ಲಿ ಯಾವುದೇ ಕೊಲೆ, ಆತ್ಮಹತ್ಯೆ ಅಥವಾ ಅಸಹಜ ಸಾವು ತಮಗೆ ತಿಳಿದಂತೆ ನಡೆದಿಲ್ಲವೆಂದೂ, ಈ ಸ್ವತ್ತಿಗೆ ಸಂಬಂಧಿಸಿ ಯಾವುದೇ ಸಿವಿಲ್ ಅಥವಾ ಕ್ರಿಮಿನಲ್ ಪ್ರಕರಣ ಬಾಕಿ ಇಲ್ಲವೆಂದೂ ಮಾರಾಟಗಾರರು ಖಚಿತಪಡಿಸುತ್ತಾರೆ, ಇದು ಸುಳ್ಳೆಂದು ಕಂಡುಬಂದರೆ ಮುಂಗಡವನ್ನು ಹಿಂತಿರುಗಿಸಲು ಒಪ್ಪುತ್ತಾರೆ.’ ಘಟನೆ ನಡೆದಿದ್ದು ಗೊತ್ತಿದ್ದೇ ಕೊಳ್ಳುವುದಾದರೆ ಅದನ್ನೂ ಬರೆಯಬೇಕು, ಅದು ಮಾರುವವರಿಗೂ ರಕ್ಷಣೆ. ಇಂಥ ಕಲಮಿಗೆ ಸಹಿ ಹಾಕಲು ಮಾಲೀಕರು ಒಪ್ಪದಿದ್ದರೆ, ಆ ನಿರಾಕರಣೆಯೇ ಒಂದು ಉತ್ತರ.

ಮನೆಮಂದಿಯ ಮನಸ್ಸು

ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಹಿರಿಯರು, ಮಕ್ಕಳು, ಮನೆ ನೋಡಿಕೊಳ್ಳುವವರು. ಅವರಿಂದ ವಿಷಯ ಮುಚ್ಚಿಟ್ಟು ಕೊಂಡರೆ, ಒಕ್ಕಲಾದ ವಾರದೊಳಗೆ ಪಕ್ಕದ ಮನೆಯವರ ಬಾಯಿಂದ ಅವರಿಗೆ ಅದು ತಿಳಿದೇ ತಿಳಿಯುತ್ತದೆ. ಆಮೇಲೆ ಬರುವ ಸಣ್ಣ ಜ್ವರಕ್ಕೂ ಮನೆಯೇ ಕಾರಣವಾಗುತ್ತದೆ. ಹಾಗಾಗಿ ಮೊದಲೇ ಎಲ್ಲರೂ ಕೂತು ಮಾತಾಡಬೇಕು. ಒಬ್ಬರಿಗೆ ಮನಸ್ಸು ಒಪ್ಪದಿದ್ದರೂ ಬಿಡುವುದು ಸರಿಯಾದ ತೀರ್ಮಾನವೇ. ಅದಕ್ಕೆ ಯಾರೂ ನಾಚಬೇಕಿಲ್ಲ.

ಗೃಹಪ್ರವೇಶಕ್ಕೆ ಪುಣ್ಯಾಹ, ವಾಸ್ತು ಹೋಮ, ಹಾಲುಕ್ಕಿಸುವುದು, ಕುರ್‌ಆನ್ ಪಾರಾಯಣ, ಪಾದ್ರಿಗಳ ಆಶೀರ್ವಾದ ಎಲ್ಲವೂ ಈ ನೆಲದಲ್ಲಿವೆ. ಬಂಧುಬಳಗ ಕೂಡಿ, ಅಡುಗೆಯಾಗಿ, ಜನ ಉಂಡು ಹೋದ ಮನೆ ತಮ್ಮದೆನಿಸುತ್ತದೆ. ಈ ಸಮಾಧಾನದ ಬೆಲೆ ದೊಡ್ಡದು. ಆದರೆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಲಕ್ಷಗಟ್ಟಲೆ ಕೇಳುವವರಿಂದ ದೂರ ಇರಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.

ಮಾರುವವರು ಮತ್ತು ಕೊಳ್ಳುವವರು

ಹೆಸರು ಕೆಟ್ಟ ಮನೆಯ ಮಾಲೀಕರು ಬಹಳ ಸಲ ತಾವೇ ದುರಂತ ಉಂಡವರು. ಮಗನನ್ನು ಕಳೆದುಕೊಂಡ ತಾಯಿಗೆ ಆ ಮನೆಯಲ್ಲಿ ಉಳಿಯಲಾಗುವುದಿಲ್ಲ, ಮಾರಲು ಹೊರಟರೆ ದಲ್ಲಾಳಿ ಅರ್ಧ ಬೆಲೆ ಹೇಳುತ್ತಾನೆ. ಇಂಥವರು ವಿಷಯ ಮುಚ್ಚಿಡುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಹೇಳಿ, ದಾಖಲೆಗಳನ್ನು ಮೊದಲೇ ಜೋಡಿಸಿಟ್ಟು, ಮನೆಗೆ ಸುಣ್ಣಬಣ್ಣ ಮಾಡಿಸಿ, ಸಾಧ್ಯವಾದರೆ ಒಂದೆರಡು ವರ್ಷ ಬಾಡಿಗೆಗೆ ಕೊಟ್ಟು ಆಮೇಲೆ ಮಾರುವುದು ಒಳಿತು. ಜನ ವಾಸವಾಗಿರುವ ಮನೆಗೂ ಬೀಗ ಹಾಕಿದ ಮನೆಗೂ ಸಿಗುವ ಬೆಲೆ ಒಂದೇ ಅಲ್ಲ.

ಕೊಳ್ಳುವವರೂ ಆ ದುಃಖವನ್ನು ಚೌಕಾಸಿಯ ಆಯುಧ ಮಾಡಿಕೊಳ್ಳಬಾರದು. ಸಾವಿಲ್ಲದ ಮನೆಯ ಸಾಸಿವೆ ಬುದ್ಧನ ಕಥೆಯ ಕಿಸಾಗೋತಮಿಗೆ ಸಿಗಲಿಲ್ಲ. ಹೆರಿಗೆಯೂ ಸಾವೂ ಮನೆಯೊಳಗೇ ಆಗುತ್ತಿದ್ದ ಕಾಲದ ಹಳೆಯ ಮನೆ ಯಾವುದರಲ್ಲೂ ಅದು ಸಿಗುವುದಿಲ್ಲ. ಮನೆ ಕೊಳ್ಳುವವರು ತಿಳಿಯಬೇಕಾದ ಪ್ರಶ್ನೆಗಳು ಮೂರು: ಇಲ್ಲಿ ಆದದ್ದು ಏನು, ಅದರಿಂದ ಹಕ್ಕಿಗೆ ಅಥವಾ ಕಟ್ಟಡಕ್ಕೆ ತೊಡಕು ಉಳಿದಿದೆಯೇ, ತಿಳಿದ ಮೇಲೂ ಮನೆಮಂದಿಗೆ ಇಲ್ಲಿ ನಿದ್ದೆ ಬರುತ್ತದೆಯೇ? ಮೂರಕ್ಕೂ ತೃಪ್ತಿಯಾದ ಉತ್ತರ ಸಿಕ್ಕರೆ ಊರಿನ ಮಾತಿಗೆ ಹೆದರದೆ ಕೊಳ್ಳಬಹುದು. ಒಂದಕ್ಕೆ ಸಿಗದಿದ್ದರೂ ಎಷ್ಟೇ ಅಗ್ಗವಾದರೂ ಬಿಡಬೇಕು. ಈ ಪ್ರಶ್ನೆಗಳನ್ನು ಕೇಳುವ ಕಾಲ ಮಾತ್ರ ಮುಂಗಡ ಕೊಡುವ ಮೊದಲು. ಕೊಟ್ಟ ಮೇಲೆ ಕೇಳಿದರೆ ಅದೇ ಪ್ರಶ್ನೆಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಉತ್ತರ ಕಾಯಬೇಕಾಗುತ್ತದೆ.